ಹಣ ಕೊಡುವ ಹದಿನಾಲ್ಕು ಮಂದಿಯೋ, ನಂಬಿ ಬಂದ ಒಂಬತ್ತು ಸಾವಿರ ಮಂದಿಯೋ?

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಹುಬ್ಬಳ್ಳಿಯಲ್ಲಿ ಒಂದು ಚಿಕ್ಕ ಕಂಪನಿ ನಡೆಸುತ್ತಿದ್ದೇವೆ. ಷೇರು ಮತ್ತು ಮ್ಯೂಚುವಲ್ ಫಂಡ್‌ಗಳ ದರ, ಲಾಭಾಂಶ, ಬೋನಸ್, ಕಂಪನಿಗಳ ತ್ರೈಮಾಸಿಕ ಫಲಿತಾಂಶ ಇವುಗಳನ್ನು ಒಂದೆಡೆ ಕಲೆಹಾಕಿ ಕನ್ನಡದಲ್ಲಿ ತೋರಿಸುವ ಆ್ಯಪ್ ನಮ್ಮದು. ಉಚಿತವಾಗಿ ಬಳಸುವವರು ಸುಮಾರು ಒಂಬತ್ತು ಸಾವಿರ ಮಂದಿ ಇದ್ದಾರೆ. ಚಂದಾ ಕಟ್ಟುವವರು ಹದಿನಾಲ್ಕು ಮಂದಿ ಮಾತ್ರ. ಅವರೆಲ್ಲ ಮ್ಯೂಚುವಲ್ ಫಂಡ್ ವಿತರಕರು ಮತ್ತು ಚಾರ್ಟರ್ಡ್ ಅಕೌಂಟೆಂಟ್‌ಗಳು. ಎಕ್ಸೆಲ್‌ಗೆ ಇಳಿಸಿಕೊಳ್ಳುವ ಸೌಲಭ್ಯ ಬೇಕು, ನೂರಾರು ಗ್ರಾಹಕರ ಖಾತೆ ಒಟ್ಟಿಗೆ ನೋಡಬೇಕು, ತೆರಿಗೆ ಲೆಕ್ಕ ಬೇಕು ಎಂದು ಇವರ ಬೇಡಿಕೆ ಬೆಳೆಯುತ್ತಲೇ ಇದೆ. ಅವನ್ನು ಪೂರೈಸುವುದರಲ್ಲಿ ಜನಸಾಮಾನ್ಯರಿಗಾಗಿ ಯೋಚಿಸಿದ್ದ ಕೆಲಸಗಳೆಲ್ಲ ಹಿಂದೆ ಬಿದ್ದಿವೆ. ಜನಸಾಮಾನ್ಯರಿಗಾಗಿಯೇ ನಾವು ಕನ್ನಡದಲ್ಲಿ ಮಾಡಹೊರಟಿದ್ದು. ಯಾರಿಗೆ ಮೊದಲ ಆದ್ಯತೆ ಕೊಡಬೇಕು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇನ್ನೂ ಒಂದೂವರೆ ಎರಡು ವರ್ಷ ಆ ಹದಿನಾಲ್ಕು ಮಂದಿಗಾಗಿಯೇ ದುಡಿಯಿರಿ. ನಿಮ್ಮ ಪತ್ರದ ಕೊನೆಯ ಸಾಲುಗಳನ್ನು ಎರಡು ಸಲ ಓದಿದ ಮೇಲೂ ಹೀಗೆ ಹೇಳಲು ನನಗೆ ಹಿಂಜರಿಕೆಯಿಲ್ಲ. ಮೂವರೇ ಇರುವ ನಿಮ್ಮ ಈಗಿನ ಸ್ಥಿತಿಯಲ್ಲಿ ಆ ಒಂಬತ್ತು ಸಾವಿರ ಮಂದಿಯ ಹಿತ ಕಾಯುವ ದಾರಿ ಈ ಹದಿನಾಲ್ಕು ಮಂದಿಯ ಕಚೇರಿಗಳ ಮೂಲಕವೇ ಹಾದುಹೋಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಚಂದಾ ಹಣದಿಂದ ನಿಮ್ಮ ಸಂಬಳ ನಡೆಯುತ್ತದೆ ಎಂಬುದು ಕಾರಣಗಳಲ್ಲಿ ಒಂದು, ಆದರೆ ಅದು ಚಿಕ್ಕದು. ವೃತ್ತಿಪರರು ನಿಮಗೆ ಹಿಡಿದುಕೊಡುವ ತಪ್ಪುಗಳ ಬೆಲೆ ಅವರು ಕಟ್ಟುವ ಚಂದಾಕ್ಕಿಂತ ಬಹಳ ಹೆಚ್ಚು. ಇದನ್ನು ನಾನು ಸ್ವಂತ ಅನುಭವದಿಂದ ಕಲಿತೆ.

2018ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಇನ್ಫೊಸಿಸ್ ಷೇರು ಒಂದಕ್ಕೊಂದರ ಲೆಕ್ಕದಲ್ಲಿ ಎಕ್ಸ್-ಬೋನಸ್ ಆಯಿತು, ಅಂದರೆ ಇದ್ದ ಪ್ರತಿ ಷೇರಿಗೆ ಉಚಿತವಾಗಿ ಸಿಗುವ ಇನ್ನೊಂದು ಷೇರನ್ನು ಲೆಕ್ಕಕ್ಕೆ ಹಿಡಿದು ದರ ಹೊಂದಿಕೊಳ್ಳುವ ದಿನ ಬಂತು. ಅಂದು ದರ ಹಿಂದಿನ ದಿನದ ಅರ್ಧಕ್ಕೆ ಇಳಿಯುವುದು ಸಹಜ. ಷೇರಿನ ಸಂಖ್ಯೆ ಇಮ್ಮಡಿಯಾಗುವುದರಿಂದ ಯಾರಿಗೂ ನಷ್ಟವಿಲ್ಲ. ಮಾಹಿತಿ ಕೊಡುವವರು ಮಾತ್ರ ಹಿಂದಿನ ಎಲ್ಲ ದರಗಳನ್ನೂ ಎರಡರಿಂದ ಭಾಗಿಸಿ ಸಿದ್ಧವಾಗಿಟ್ಟುಕೊಂಡಿರಬೇಕು. ನಾನು ಆಗ ಕೆಲಸ ಮಾಡುತ್ತಿದ್ದ ಸಂಸ್ಥೆಯಲ್ಲಿ ಹಿಂದಿನ ರಾತ್ರಿ ನಡೆಯಬೇಕಿದ್ದ ಆ ಲೆಕ್ಕ ನಡೆದಿರಲಿಲ್ಲ. ಬೆಳಿಗ್ಗೆ 9.15ಕ್ಕೆ ಪೇಟೆ ತೆರೆಯುತ್ತಿದ್ದಂತೆ ನಮ್ಮ ಪರದೆಯ ಮೇಲೆ ಇನ್ಫೊಸಿಸ್ ಹೆಸರಿನ ಮುಂದೆ ಶೇ 50ರ ಕುಸಿತ ಕೆಂಪಕ್ಷರದಲ್ಲಿ ಮೂಡಿತು. ನಾಲ್ಕೇ ನಿಮಿಷಕ್ಕೆ ದಾವಣಗೆರೆಯ ಬ್ರೋಕರ್ ಕಚೇರಿಯೊಂದರಿಂದ ಫೋನ್ ಬಂತು. "ಸರ್, ನಿಮ್ಮ ಹಳೇ ರೇಟು ಅಡ್ಜಸ್ಟ್ ಆಗಿಲ್ಲ, ಸ್ವಲ್ಪ ನೋಡಿ" ಎಂದರು. ಹತ್ತು ಗಂಟೆಯೊಳಗೆ ಸರಿಪಡಿಸಿದೆವು. ಉಚಿತ ಆ್ಯಪ್ ಬಳಸುತ್ತಿದ್ದ ಸಾವಿರಾರು ಮಂದಿಯಲ್ಲಿ ಒಬ್ಬರೂ ಅಂದು ದೂರು ಕೊಡಲಿಲ್ಲ. ಎಂಟು ದಿನ ಕಳೆದ ಮೇಲೆ ಒಬ್ಬ ಶಾಲಾ ಶಿಕ್ಷಕರಿಂದ ಇಮೇಲ್ ಬಂತು. ಹತ್ತು ವರ್ಷದಿಂದ ಜೋಪಾನ ಮಾಡಿಕೊಂಡು ಬಂದಿದ್ದ ನಲವತ್ತು ಷೇರುಗಳನ್ನು, ಕಂಪನಿಗೇನೋ ಆಗಬಾರದ್ದು ಆಗಿದೆ ಎಂದು ಹೆದರಿ, ಅವರು ಅಂದು ಬೆಳಿಗ್ಗೆಯೇ ಮಾರಿಬಿಟ್ಟಿದ್ದರು. ಅವರ ಬರಹದಲ್ಲಿ ಸಿಟ್ಟೇ ಇರಲಿಲ್ಲ. ತಮಗೇ ತಿಳಿವಳಿಕೆ ಸಾಲದು ಎಂಬ ಧಾಟಿಯಲ್ಲಿ ಬರೆದಿದ್ದರು. ಆ ಪತ್ರ ನನ್ನನ್ನು ಇಂದಿಗೂ ಕಾಡುತ್ತದೆ.

ಒಂದೇ ತಪ್ಪು ಇಬ್ಬರ ಕಣ್ಣಿಗೂ ಬಿತ್ತು. ಬ್ರೋಕರ್ ಕಚೇರಿಯವರು ನಮ್ಮನ್ನು ಅನುಮಾನಿಸಿದರು, ಮೇಷ್ಟ್ರು ಪೇಟೆಯನ್ನು ಅನುಮಾನಿಸಿದರು. ಹಣಕಾಸಿನ ಮಾಹಿತಿಯನ್ನು ಸಿದ್ಧಪಡಿಸುವ ನಮ್ಮಂಥವರು ಎರಡು ಬಗೆಯ ಗ್ರಾಹಕರ ನಡುವೆ ನೆನಪಿಡಬೇಕಾದ ಮೊದಲ ವ್ಯತ್ಯಾಸ ಇದೇ. ವೃತ್ತಿಪರರ ಬಳಿ ಪಕ್ಕದಲ್ಲಿ ಇನ್ನೊಂದು ಪರದೆ ಇರುತ್ತದೆ, ಹೋಲಿಸಿ ನೋಡುವ ಅಭ್ಯಾಸ ಇರುತ್ತದೆ. ಜನಸಾಮಾನ್ಯರ ಬಳಿ ನೀವು ಮಾತ್ರ ಇರುತ್ತೀರಿ. ಆದ್ದರಿಂದ ಮೊದಲು ಪರೀಕ್ಷಿಸಬಲ್ಲವರ ಕೈಗೆ ಕೊಟ್ಟು, ಅವರ ಬೈಗುಳಕ್ಕೆ ಒಡ್ಡಿ, ಗಟ್ಟಿಯಾದ ಮೇಲೆಯೇ ಆ ಅಂಕಿಗಳನ್ನು ಪರೀಕ್ಷಿಸಲಾರದವರ ಮುಂದಿಡುವುದು ಸರಿಯಾದ ಕ್ರಮ.

ಈ ಕ್ರಮ ಹೊಸದೇನೂ ಅಲ್ಲ. ಅಮೆರಿಕದ ಹೂಡಿಕೆ ಬ್ಯಾಂಕ್ ಸಾಲೊಮನ್ ಬ್ರದರ್ಸ್‌ನಿಂದ ಹೊರಬಿದ್ದ ಮೈಕೆಲ್ ಬ್ಲೂಮ್‌ಬರ್ಗ್ 1981ರಲ್ಲಿ ಹಣಕಾಸು ಮಾಹಿತಿಯ ಕಂಪನಿ ಕಟ್ಟಿದಾಗ ಅವರಿಗೆ ಸಿಕ್ಕ ಮೊದಲ ಗ್ರಾಹಕ ಮೆರಿಲ್ ಲಿಂಚ್ ಎಂಬ ದೊಡ್ಡ ದಲ್ಲಾಳಿ ಸಂಸ್ಥೆ. ಆ ಒಂದು ಸಂಸ್ಥೆಯ ಬಾಂಡ್ ವ್ಯಾಪಾರಿಗಳ ಮೇಜಿನ ಮೇಲೆ ಯಂತ್ರ ಇಟ್ಟು, ಅವರಿಗೆ ಬೇಕಾದ ಲೆಕ್ಕಗಳನ್ನೇ ಮಾಡಿಕೊಡುತ್ತ ಉತ್ಪನ್ನ ಬೆಳೆಯಿತು. ಅದೇ ಮೆರಿಲ್ ಲಿಂಚ್ ಮುಂದೆ 3 ಕೋಟಿ ಡಾಲರ್ ಹಾಕಿ ಶೇ 30ರ ಪಾಲುದಾರನೂ ಆಯಿತು. ಸಾರ್ವಜನಿಕರಿಗಾಗಿ ಸುದ್ದಿ, ಟಿ.ವಿ, ವೆಬ್‌ಸೈಟ್ ಬಂದದ್ದೆಲ್ಲ ಆ ಬುನಾದಿ ಗಟ್ಟಿಯಾದ ಬಳಿಕ.

ಜನಸಾಮಾನ್ಯರಿಂದಲೇ ಶುರು ಮಾಡಿ, ಎಲ್ಲವನ್ನೂ ಉಚಿತವಾಗಿ ಕೊಟ್ಟವರ ಕಥೆಯೂ ಇದೆ. ಅಮೆರಿಕದ ಮಿಂಟ್ ಆ್ಯಪ್ ಮನೆಯ ಖರ್ಚುವೆಚ್ಚಗಳನ್ನು ಒಂದೆಡೆ ತೋರಿಸಿ ಲಕ್ಷಾಂತರ ಜನರ ಮೆಚ್ಚುಗೆ ಗಳಿಸಿತ್ತು. 2009ರಲ್ಲಿ ಇನ್‌ಟ್ಯೂಟ್ ಕಂಪನಿ ಅದನ್ನು 17 ಕೋಟಿ ಡಾಲರ್ ಕೊಟ್ಟು ಕೊಂಡಿತು. ಬಳಕೆದಾರರು ಹಣ ಕೊಡದ ಕಾರಣ, ಅವರಿಗೆ ಕ್ರೆಡಿಟ್ ಕಾರ್ಡ್ ಮೊದಲಾದವುಗಳನ್ನು ಶಿಫಾರಸು ಮಾಡಿ ಪಡೆಯುವ ಕಮಿಷನ್ನೇ ಆದಾಯವಾಗಿತ್ತು. 2024ರ ಮಾರ್ಚ್‌ನಲ್ಲಿ ಅದು ಮುಚ್ಚಿತು, ಬಳಕೆದಾರರಿಗೆ ಅದೇ ಕಂಪನಿಯ ಇನ್ನೊಂದು ಸೇವೆಗೆ ಹೋಗಿರಿ ಎಂದು ಹೇಳಲಾಯಿತು. ಉಚಿತ ಗ್ರಾಹಕರಿಗೆ ನಿಮ್ಮ ಮೇಲೆ ಪ್ರೀತಿ ಎಷ್ಟೇ ಇರಲಿ, ನಿಮ್ಮನ್ನು ಉಳಿಸಿಕೊಳ್ಳುವ ಶಕ್ತಿ ಅವರ ಕೈಯಲ್ಲಿರುವುದಿಲ್ಲ.

ಇನ್ನು ನಿಮ್ಮ ಕಚೇರಿಯ ಮಾತಿಗೆ ಬರೋಣ. ಹದಿನಾಲ್ಕು ಮಂದಿಗೆ ಆದ್ಯತೆ ಎಂದರೆ ಅವರು ಕೇಳಿದ್ದನ್ನೆಲ್ಲ ಮಾಡಿಕೊಡುವುದು ಎಂದು ಅರ್ಥವಲ್ಲ. ಅವರ ಬೇಡಿಕೆಗಳಲ್ಲಿ ಮೂಲ ಮಾಹಿತಿಯನ್ನೇ ಗಟ್ಟಿಗೊಳಿಸುವಂಥವು ಕೆಲವಿರುತ್ತವೆ. ಒಂದು ಕಚೇರಿಯ ಅನುಕೂಲಕ್ಕಷ್ಟೇ ಒದಗುವಂಥವು ಹಲವಿರುತ್ತವೆ. ಮೊದಲ ಬಗೆಯವನ್ನು ರಾತ್ರಿ ಹಗಲು ಕುಳಿತಾದರೂ ಮಾಡಿ, ಎರಡನೆಯ ಬಗೆಯವಕ್ಕೆ ವಿನಯದಿಂದ ಇಲ್ಲ ಎನ್ನಿ. ನೀವು ಹೇಳಿರುವ ಮೂರರಲ್ಲಿ ತೆರಿಗೆ ಲೆಕ್ಕವನ್ನು ನಾನಾಗಿದ್ದರೆ ಮೊದಲು ಕೈಗೆತ್ತಿಕೊಳ್ಳುತ್ತಿದ್ದೆ. ಅದೊಂದನ್ನು ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ.

ಷೇರುಗಳ ದೀರ್ಘಾವಧಿ ಲಾಭಕ್ಕೆ 2018ರ ಬಜೆಟ್‌ನಲ್ಲಿ ಮತ್ತೆ ತೆರಿಗೆ ಬಂದಾಗ, ಆ ವರ್ಷದ ಜನವರಿ 31ರವರೆಗೆ ಕೂಡಿಬಂದಿದ್ದ ಲಾಭಕ್ಕೆ ರಕ್ಷಣೆ ಕೊಡಲಾಯಿತು. ಅದಕ್ಕೂ ಮೊದಲು ಕೊಂಡ ಷೇರಿಗೆ, ಮಾರಾಟದ ಬೆಲೆಯನ್ನು ಮೀರದಂತೆ, ಜನವರಿ 31ರಂದು ಪೇಟೆಯಲ್ಲಿ ಮುಟ್ಟಿದ ಗರಿಷ್ಠ ದರವನ್ನೇ ಖರೀದಿ ಬೆಲೆಯೆಂದು ಹಿಡಿಯಬಹುದು. ಈಗ 2016ರಲ್ಲಿ 100 ಇನ್ಫೊಸಿಸ್ ಷೇರು ಕೊಂಡವರೊಬ್ಬರನ್ನು ಊಹಿಸಿಕೊಳ್ಳಿ. 2018ರ ಸೆಪ್ಟೆಂಬರ್‌ನ ಬೋನಸ್ ನಂತರ ಅವರ ಬಳಿ 200 ಷೇರುಗಳಿವೆ. ದರದ ನಕ್ಷೆ ತೋರಿಸುವಾಗ ಜನವರಿ 31ರ ದರವನ್ನು ಅರ್ಧ ಮಾಡಿಯೇ ತೋರಿಸಬೇಕು, ಇಲ್ಲವಾದರೆ ನಮ್ಮ ಮೇಷ್ಟ್ರಿಗಾದ ಗತಿಯೇ ಎಲ್ಲರಿಗೂ ಆಗುತ್ತದೆ. ತೆರಿಗೆ ಲೆಕ್ಕ ಹಾಕುವಾಗ ಮಾತ್ರ ಅದೇ ದರವನ್ನು ಅರ್ಧ ಮಾಡಕೂಡದು. ಮೂಲದ 100 ಷೇರುಗಳಿಗೆ ಆ ದಿನದ ಪೂರ್ತಿ ದರ ಸಲ್ಲುತ್ತದೆ. ಜನವರಿ ನಂತರ ಬಂದ ಬೋನಸ್ ಷೇರುಗಳ ಖರೀದಿ ಬೆಲೆ ಸೊನ್ನೆ. ನಿಮ್ಮ ಆ್ಯಪ್ ನಕ್ಷೆಯ ದರವನ್ನೇ ತೆರಿಗೆ ಲೆಕ್ಕಕ್ಕೂ ಬಳಸಿದರೆ ಆ ವ್ಯಕ್ತಿಗೆ ಕಾನೂನು ಕೊಟ್ಟ ರಕ್ಷಣೆ ಪೂರ್ತಿಯಾಗಿ ಸಿಗದೆ ಹೋಗುತ್ತದೆ, ಕಟ್ಟಬೇಕಿಲ್ಲದ ತೆರಿಗೆಯನ್ನು ಅವರು ಕಟ್ಟುತ್ತಾರೆ. ಷೇರು ವಿಭಜನೆಯಾದಾಗ, ಅಂದರೆ ಒಂದು ಷೇರನ್ನು ಹಲವು ಚಿಕ್ಕ ಷೇರುಗಳಾಗಿ ಒಡೆದಾಗ, ಲೆಕ್ಕವೇ ಬೇರೆ. ಅಲ್ಲಿ ದರವನ್ನು ಭಾಗಿಸಲೇಬೇಕು.

ಈ ಸೂಕ್ಷ್ಮ ಸಾಮಾನ್ಯ ಬಳಕೆದಾರರಿಗೆ ಹೊಳೆಯುವುದು ಅಪರೂಪ. ಜುಲೈ ತಿಂಗಳಲ್ಲಿ ರಿಟರ್ನ್ಸ್ ಸಲ್ಲಿಸುವ ಅವಸರದಲ್ಲಿರುವ ನಿಮ್ಮ ಚಾರ್ಟರ್ಡ್ ಅಕೌಂಟೆಂಟ್ ಗ್ರಾಹಕರು ಮೊದಲ ಕಡತದಲ್ಲಿಯೇ ಇದನ್ನು ಹಿಡಿದು ನಿಮಗೆ ಫೋನ್ ಮಾಡುತ್ತಾರೆ. ನೀವು ಸರಿಪಡಿಸಿದ ಗಳಿಗೆಯಿಂದ ಒಂಬತ್ತು ಸಾವಿರ ಮಂದಿಗೂ ಅದು ಸರಿಯಾಗಿರುತ್ತದೆ. ಅದಕ್ಕಾಗಿ ಮಾಹಿತಿಯ ಕಣಜ ಒಂದೇ ಇರಬೇಕು. ವೃತ್ತಿಪರರಿಗೊಂದು, ಸಾಮಾನ್ಯರಿಗೊಂದು ಎಂದು ಎರಡು ಕಣಜ ಇಟ್ಟುಕೊಂಡವರು ದುಡ್ಡು ಬರುವ ಕಡೆಯದನ್ನು ಮಾತ್ರ ಹಸನಾಗಿಡುತ್ತ ಬಂದು, ಇನ್ನೊಂದರಲ್ಲಿ ಹುಳು ಬೀಳಲು ಬಿಟ್ಟದ್ದನ್ನು ನಾನು ನೋಡಿದ್ದೇನೆ.

ಕಣಜ ಒಂದೇ ಆದರೂ ಬಡಿಸುವ ಬಗೆ ಒಂದೇ ಆಗಬೇಕಿಲ್ಲ, ಆಗಲೂಬಾರದು. ಅಕೌಂಟೆಂಟ್‌ಗೆ ಪ್ರತಿ ಖರೀದಿಗೊಂದು ಸಾಲಿನಂತೆ ಎಕ್ಸೆಲ್ ಬೇಕು. ಮನೆಯಲ್ಲಿ ಕುಳಿತು ಮೊಬೈಲ್ ನೋಡುವವರಿಗೆ "ಈ ವರ್ಷ ನೀವು ಮಾರಿದ ಷೇರುಗಳಿಂದ ಬಂದ ದೀರ್ಘಾವಧಿ ಲಾಭ 84,000 ರೂಪಾಯಿ, 1.25 ಲಕ್ಷ ರೂಪಾಯಿವರೆಗೆ ಈ ಲಾಭಕ್ಕೆ ತೆರಿಗೆ ಇಲ್ಲ" ಎಂಬ ಒಂದು ವಾಕ್ಯ ಸಾಕು. ಆ ಒಂದು ವಾಕ್ಯವನ್ನು ತಪ್ಪಿಲ್ಲದೆ ಬರೆಯುವುದು ಎಕ್ಸೆಲ್ ಕೊಡುವುದಕ್ಕಿಂತ ಕಷ್ಟದ ಕೆಲಸ. ಸಾಮಾನ್ಯ ಗ್ರಾಹಕರೆಂದರೆ ವೃತ್ತಿಪರರ ಚಿಕ್ಕ ಪಡಿಯಚ್ಚು ಎಂದು ತಿಳಿದು, ಅದೇ ಪರದೆಯಿಂದ ನಾಲ್ಕು ಕಾಲಂ ತೆಗೆದುಹಾಕಿ ಕೊಡುವವರು ಬಹಳ ಮಂದಿ. ಅವರಿಗೆ ಬೇಕಾದ್ದು ಕಡಿಮೆ ಅಂಕಿ, ಹೆಚ್ಚು ವಿವರಣೆ, ಅದೂ ಅವರು ಮನೆಯಲ್ಲಾಡುವ ಭಾಷೆಯಲ್ಲಿ. ನೀವು ಕನ್ನಡದಲ್ಲಿ ಮಾಡಹೊರಟದ್ದು ಸಾರ್ಥಕವಾಗುವುದು ಇಲ್ಲಿ. ವಾರದಲ್ಲಿ ಒಂದು ದಿನವನ್ನು, ಯಾವ ಚಂದಾದಾರರು ಕರೆದರೂ ಬಿಟ್ಟುಕೊಡದೆ, ಮೂವರೂ ಈ ಕೆಲಸಕ್ಕೇ ಮೀಸಲಿಡಿ.

ಒಂದು ವಿಷಯದಲ್ಲಿ ಮಾತ್ರ ನಿಮ್ಮನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ನಾಳೆ ನಿಮ್ಮ ವಿತರಕ ಗ್ರಾಹಕರಲ್ಲೊಬ್ಬರು "ನಿಮ್ಮ ಉಚಿತ ಬಳಕೆದಾರರಲ್ಲಿ ಐದು ಲಕ್ಷಕ್ಕಿಂತ ಹೆಚ್ಚು ಹೂಡಿಕೆ ಇರುವವರ ಪಟ್ಟಿ ಕೊಡಿ, ಚಂದಾ ಇಮ್ಮಡಿ ಮಾಡುತ್ತೇನೆ" ಎನ್ನುತ್ತಾರೆ. ಅಥವಾ ಒಂದು ಬ್ರೋಕರ್ ಸಂಸ್ಥೆ ಪ್ರತಿ ಹೊಸ ಖಾತೆಗೆ ಇಷ್ಟೆಂದು ಕಮಿಷನ್ ಮುಂದಿಡುತ್ತದೆ. ಮೊದಲನೆಯದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯಕ್ಕೇ ವಿರುದ್ಧ. ಒಂದು ಉದ್ದೇಶಕ್ಕೆ ಒಪ್ಪಿಗೆ ಪಡೆದ ಮಾಹಿತಿಯನ್ನು ಮನಬಂದಂತೆ ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಎರಡನೆಯದು ನಿಮ್ಮನ್ನು ನಿಧಾನವಾಗಿ ಬದಲಿಸುತ್ತದೆ. ಜನರು ಹೆಚ್ಚು ವಹಿವಾಟು ಮಾಡಿದಷ್ಟೂ ಬ್ರೋಕರ್‌ಗೆ ಲಾಭ, ಆದ್ದರಿಂದ ನಿಮ್ಮ ಪರದೆಯೂ ಅತ್ತ ವಾಲತೊಡಗುತ್ತದೆ. ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಮುಂದಿನ ದರದ ಮೇಲೆ ಪಣ ಕಟ್ಟುವಂಥ ಒಪ್ಪಂದಗಳು) ಪುಟ ಮೇಲಕ್ಕೆ ಬರುತ್ತದೆ, ಎಸ್‌ಐಪಿ (ಕಂತಿನಲ್ಲಿ ಮಾಡುವ ಹೂಡಿಕೆ) ಪುಟ ಕೆಳಕ್ಕೆ ಜಾರುತ್ತದೆ. ಷೇರು ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಆ ವಿಭಾಗದಲ್ಲಿ ವ್ಯವಹರಿಸಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ನಿಮ್ಮ ಒಂಬತ್ತು ಸಾವಿರ ಮಂದಿಯನ್ನು ಆ ಕಡೆಗೆ ಕಳುಹಿಸಿ ಗಳಿಸುವ ಕಮಿಷನ್‌ಗಿಂತ ಹದಿನಾಲ್ಕು ಚಂದಾದಾರರು ಹದಿನೆಂಟಾಗುವುದು ಎಷ್ಟೋ ಮೇಲು.

ಎರಡು ವರ್ಷದ ನಂತರ ಸಾಮಾನ್ಯ ಗ್ರಾಹಕರಿಗೂ ವರ್ಷಕ್ಕೆ ಇನ್ನೂರು ಮುನ್ನೂರು ರೂಪಾಯಿಯ ಚಂದಾ ಇಟ್ಟು ನೋಡಿ. ಆ ಹೊತ್ತಿಗೆ ನಿಮ್ಮ ಅಂಕಿಗಳನ್ನು ಹದಿನಾಲ್ಕು ಕಚೇರಿಗಳು ದಿನವೂ ಜರಡಿ ಹಿಡಿದಿರುತ್ತವೆ, ಅಷ್ಟು ಹಣ ಕೇಳುವ ಹಕ್ಕು ನಿಮಗೆ ಬಂದಿರುತ್ತದೆ.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಚಾರ್ಟರ್ಡ್ ಅಕೌಂಟೆಂಟ್. ಕಂಪನಿಗಳ ಮಾಹಿತಿ ಕೊಡುವ ಒಂದು ಸೇವೆಗೆ ವರ್ಷಕ್ಕೆ ಸಾಕಷ್ಟು ಹಣ ಕಟ್ಟುತ್ತೇನೆ. ಅದೇ ಸಂಸ್ಥೆ ಉಚಿತ ಬಳಕೆದಾರರಿಗೂ ಬಹುಪಾಲು ಅದೇ ಅಂಕಿಗಳನ್ನು ತೋರಿಸುತ್ತದೆ. ಹಾಗಿದ್ದರೆ ಹಣ ಕೊಟ್ಟ ನಮಗೆ ಏನು ವಿಶೇಷ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಪ್ರಮಾಣ, ವೇಗ, ಇಳಿಸಿಕೊಳ್ಳುವ ಅನುಕೂಲ, ಇಪ್ಪತ್ತು ವರ್ಷದ ಹಿಂದಿನ ಬ್ಯಾಲೆನ್ಸ್ ಶೀಟ್, ಕರೆದಾಗ ಫೋನೆತ್ತುವ ಮನುಷ್ಯ ಇವೆಲ್ಲ ನೀವು ಕೊಟ್ಟ ಹಣಕ್ಕೆ ಸಿಗಬೇಕಾದವು. ಷೇರು ವಿನಿಮಯ ಕೇಂದ್ರಗಳೂ ಹೀಗೆಯೇ ಮಾರುತ್ತವೆ. ದಿನದ ಕೊನೆಯ ಭಾವ್‌ಕಾಪಿಯನ್ನು (ಅಂದಿನ ದರಗಳ ಪಟ್ಟಿಯನ್ನು) ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಆದರೆ ನೇರ ದರವನ್ನು ಪಡೆದು ಮರುಹಂಚಲು ಒಪ್ಪಂದ ಮಾಡಿಕೊಂಡು ಶುಲ್ಕ ಕಟ್ಟಬೇಕು, ಕೊಳ್ಳುವ ಮಾರುವ ಬೇಡಿಕೆಗಳನ್ನು ಹೆಚ್ಚು ಆಳದವರೆಗೆ ನೋಡಬೇಕೆಂದರೆ ಶುಲ್ಕವೂ ಹೆಚ್ಚುತ್ತದೆ.

ಸರಿಯಾದ ಅಂಕಿಯನ್ನು ಮಾತ್ರ ವಿಶೇಷ ಸೌಲಭ್ಯವೆಂದು ಮಾರಬಾರದು. ವೇಗವನ್ನು ಮಾರುವುದಕ್ಕೂ ಒಂದು ಮಿತಿಯಿದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಗ್ರಾಹಕ ವಿಶ್ವಾಸ ಸಮೀಕ್ಷೆಯನ್ನು ಥಾಮ್ಸನ್ ರಾಯಿಟರ್ಸ್ ಸಾರ್ವಜನಿಕರಿಗೆ 10 ಗಂಟೆಗೆ, ಚಂದಾದಾರರಿಗೆ 9.55ಕ್ಕೆ, ಇನ್ನೂ ಹೆಚ್ಚು ಹಣ ಕೊಟ್ಟ ಅತಿವೇಗದ ವಹಿವಾಟುದಾರರಿಗೆ ಅದಕ್ಕಿಂತ ಎರಡು ಸೆಕೆಂಡ್ ಮೊದಲು ಕೊಡುತ್ತಿತ್ತು. 2013ರ ಜುಲೈನಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ತನಿಖೆಗೆ ಮುಂದಾದ ಮೇಲೆ ಆ ಎರಡು ಸೆಕೆಂಡಿನ ಮಾರಾಟವನ್ನು ಸಂಸ್ಥೆ ನಿಲ್ಲಿಸಿತು. ಐದು ನಿಮಿಷದ ಅಂತರ ಮಾತ್ರ ಆಗ ಹಾಗೆಯೇ ಉಳಿಯಿತು, ಅದೂ ಸರಿಯಲ್ಲವೆಂದೇ ನನ್ನ ಅನಿಸಿಕೆ. ನಿಮ್ಮ ವಿಷಯಕ್ಕೆ ಬಂದರೆ, ನಿಮ್ಮ ಪಕ್ಕದ ಮನೆಯವರು ಉಚಿತವಾಗಿ ನೋಡುವ ಲಾಭಾಂಶದ ಅಂಕಿಯೂ ನೀವು ನೋಡುವ ಅಂಕಿಯೂ ಒಂದೇ ಆಗಿದೆಯೆಂದರೆ ಆ ಸಂಸ್ಥೆ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ ಎಂದರ್ಥ. ಕರೆದಾಗ ಫೋನೆತ್ತುವುದಿಲ್ಲ ಎಂದಾದರೆ ಚಂದಾ ನವೀಕರಿಸುವ ಮುನ್ನ ಖಂಡಿತ ಜಗಳವಾಡಿ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿ ಒಂದು ಬ್ಯಾಂಕಿನ ಸಾಫ್ಟ್‌ವೇರ್ ಎಂಜಿನಿಯರ್. ಇಲ್ಲಿ ಬ್ರೋಕರೇಜ್ ಖಾತೆಯಲ್ಲಿ ನೇರ ದರ ಬೇಕೆಂದಾಗ "ನೀವು ವೃತ್ತಿಪರರೇ?" ಎಂದು ಉದ್ದದ ನಮೂನೆ ತುಂಬಿಸಿಕೊಂಡರು. ಬ್ಯಾಂಕಿನಲ್ಲಿ ಕೆಲಸ ಎಂದಮಾತ್ರಕ್ಕೆ ವೃತ್ತಿಪರನೆಂದು ಬರೆಯಬೇಕೇ?
— ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಬೇಕಿಲ್ಲ. ಅಲ್ಲಿನ ವಿನಿಮಯ ಕೇಂದ್ರಗಳು ನೋಡುವುದು ನೀವು ಮಾಡುವ ಕೆಲಸ ಯಾವುದು, ದರಗಳನ್ನು ಯಾರಿಗಾಗಿ ಬಳಸುತ್ತೀರಿ ಎಂಬುದನ್ನು. ನಿಯಂತ್ರಕರಲ್ಲಿ ಹೂಡಿಕೆ ಸಲಹೆಗಾರ ಅಥವಾ ದಲ್ಲಾಳಿಯಾಗಿ ನೋಂದಾಯಿಸಿಕೊಂಡಿಲ್ಲದೆ, ಬ್ಯಾಂಕಿನಲ್ಲಿಯೂ ಅಂಥ ಕೆಲಸ ಮಾಡದೆ, ಸ್ವಂತ ಹಣದ ಹೂಡಿಕೆಗಷ್ಟೇ ನೋಡುವ ವ್ಯಕ್ತಿ ಸಾಮಾನ್ಯ ಚಂದಾದಾರನೇ. ಬೆಲೆಯ ಅಂತರ ದೊಡ್ಡದು: ನ್ಯಾಸ್ಡಾಕ್ ಷೇರುಗಳ ಮೂಲ ದರ ಮಾಹಿತಿಗೆ ಸಾಮಾನ್ಯರಿಗೆ ತಿಂಗಳಿಗೆ 1 ಡಾಲರ್ ಇದ್ದರೆ ವೃತ್ತಿಪರರಿಗೆ 20 ಡಾಲರಿಗೂ ಹೆಚ್ಚು. ಆ ಒಂದು ಡಾಲರನ್ನೂ ಎಷ್ಟೋ ಬ್ರೋಕರ್ ಸಂಸ್ಥೆಗಳು ತಾವೇ ಭರಿಸುವುದರಿಂದ ಗ್ರಾಹಕರಿಗೆ ಅದು ಕಾಣಿಸುವುದಿಲ್ಲ. ಒಂದು ಎಚ್ಚರಿಕೆ ಹೇಳುತ್ತೇನೆ. ತೆರಿಗೆಯ ಅನುಕೂಲಕ್ಕೆಂದು ಖಾತೆಯನ್ನು ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಹೆಸರಿಗೆ ಬದಲಿಸಿದರೆ, ಆ ಕಂಪನಿಯ ಹಿಂದೆ ನೀವೊಬ್ಬರೇ ಇದ್ದರೂ, ಸಾಮಾನ್ಯವಾಗಿ ವೃತ್ತಿಪರರ ದರವೇ ಬೀಳುತ್ತದೆ. ನಮೂನೆಯಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಿರಿ. ತಪ್ಪು ಬರೆದದ್ದು ಪತ್ತೆಯಾದರೆ ಹಿಂದಿನ ವ್ಯತ್ಯಾಸವನ್ನೂ ವಸೂಲು ಮಾಡಬಹುದು.

ಪ್ರಶ್ನೆ: ನಾನು ನಿವೃತ್ತ ನೌಕರ. ಎರಡು ಮ್ಯೂಚುವಲ್ ಫಂಡ್‌ಗಳಲ್ಲಿ ಎಸ್‌ಐಪಿ ಇದೆ, ಹಳೆಯ ಕೆಲವು ಷೇರುಗಳಿವೆ. ತಿಂಗಳಿಗೆ 500 ರೂಪಾಯಿ ಕಟ್ಟಿದರೆ ವೃತ್ತಿಪರರು ನೋಡುವ ನೇರ ದರ, ನಕ್ಷೆ ಎಲ್ಲ ಸಿಗುತ್ತದೆ ಎಂದು ಒಂದು ಆ್ಯಪ್‌ನವರು ಪದೇ ಪದೇ ಸಂದೇಶ ಕಳುಹಿಸುತ್ತಿದ್ದಾರೆ. ಕಟ್ಟಬಹುದೇ?
— ಓದುಗರೊಬ್ಬರು, ತುಮಕೂರು

ಉತ್ತರ: ಕಟ್ಟಬೇಡಿ. ನಿಮ್ಮ ಫಂಡ್‌ಗಳ ಎನ್‌ಎವಿ (ಒಂದು ಯೂನಿಟ್‌ನ ಬೆಲೆ) ದಿನಕ್ಕೊಮ್ಮೆ ಮಾತ್ರ ನಿರ್ಧಾರವಾಗುತ್ತದೆ; ಮ್ಯೂಚುವಲ್ ಫಂಡ್‌ಗಳ ಸಂಘವಾದ ಆ್ಯಂಫಿಯ ವೆಬ್‌ಸೈಟ್‌ನಲ್ಲಿ ಬಹುತೇಕ ಯೋಜನೆಗಳದ್ದು ರಾತ್ರಿ 11ರೊಳಗೆ ಉಚಿತವಾಗಿ ಪ್ರಕಟವಾಗುತ್ತದೆ. ಷೇರುಗಳ ನೇರ ದರ ನಿಮ್ಮ ಬ್ರೋಕರ್ ಕೊಟ್ಟಿರುವ ಆ್ಯಪ್‌ನಲ್ಲಿ ಹೇಗೂ ಇದೆ. ವರ್ಷಕ್ಕೆ 6,000 ರೂಪಾಯಿ ಆಗುವ ಆ ಹಣವನ್ನು ಉಳಿಸಿಕೊಂಡು, ನಿಮ್ಮ ಹಳೆಯ ಷೇರುಗಳಿಗೆ ಇದುವರೆಗೆ ಬಂದ ಬೋನಸ್, ವಿಭಜನೆ, ಖರೀದಿಯ ದಿನಾಂಕಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಾಗದದ ಷೇರುಪತ್ರಗಳು ಇನ್ನೂ ಕಪಾಟಿನಲ್ಲಿದ್ದರೆ ಅವುಗಳನ್ನು ಡಿಮ್ಯಾಟ್‌ಗೆ (ಎಲೆಕ್ಟ್ರಾನಿಕ್ ರೂಪಕ್ಕೆ) ಬದಲಿಸದೆ ಮಾರಲು ಬರುವುದಿಲ್ಲ. ಮೊದಲು ಆ ಕೆಲಸ ಮುಗಿಸಿಕೊಳ್ಳಿ, ನಾಮನಿರ್ದೇಶನ ಆಗಿದೆಯೇ ಎಂದೂ ಅದೇ ದಿನ ನೋಡಿಕೊಳ್ಳಿ.